ಕತ್ತು ನೆಟ್ಟಗಾಗಿಸಿದ ಕೈಗಳು

ಕಿವಿಯ ಹಿಂದಿನ ಮೂಳೆಯಿಂದ ಹೊರಟು ಎದೆಮೂಳೆಗೂ ಕಾಲರ್ ಬೋನಿಗೂ ಬಂದು ಸೇರುವ ಒಂದು ಉದ್ದನೆಯ ಸ್ನಾಯು ಕತ್ತಿನ ಎರಡೂ ಪಕ್ಕದಲ್ಲಿದೆ. ಡಾಕ್ಟರುಗಳ ಭಾಷೆಯಲ್ಲಿ ಅದು ಸ್ಟರ್ನೊಕ್ಲೈಡೊಮ್ಯಾಸ್ಟಾಯ್ಡ್. ಹೆಸರು ಹೇಳಲು ತಿಣುಕಬೇಕು, ಆದರೆ ಅದರ ಕೆಲಸ ಯಾರಿಗೂ ಅರ್ಥವಾಗುವಂಥದ್ದು. ಬಲಗಡೆಯದು ಬಿಗಿದರೆ ತಲೆ ಬಲಕ್ಕೆ ವಾಲುತ್ತದೆ, ಗದ್ದ ಎಡಕ್ಕೆ ತಿರುಗುತ್ತದೆ. ಎಡಗಡೆಯದು ಬಿಗಿದರೆ ಇದರ ತಿರುಗುಮುರುಗು. ಕೆಲವು ಹಸುಳೆಗಳಲ್ಲಿ ಈ ಸ್ನಾಯು ಹುಟ್ಟುವಾಗಲೇ ಮೊಟಕಾಗಿರುತ್ತದೆ. ಇನ್ನು ಕೆಲವರಲ್ಲಿ ಎರಡು–ಮೂರು ವಾರ ಕಳೆಯುವ ಹೊತ್ತಿಗೆ ಅದರ ನಡುವೆ ಹುಣಸೆಬೀಜದಷ್ಟೋ ಅದಕ್ಕಿಂತ ದೊಡ್ಡದೋ ಆದ ಗಟ್ಟಿ ಗಂಟು ಕೈಗೆ ಸಿಗುತ್ತದೆ. ವೈದ್ಯರು ಟಾರ್ಟಿಕೊಲಿಸ್ ಎಂದು ಬರೆದುಕೊಳ್ಳುತ್ತಾರೆ; ಮನೆಯವರು 'ಮಗೂಗೆ ಕತ್ತು ಸೊಟ್ಟ' ಎನ್ನುತ್ತಾರೆ. ಸಾವಿರ ಶಿಶುಗಳಲ್ಲಿ ಮೂರರಿಂದ ಇಪ್ಪತ್ತು ಮಂದಿಗೆ ಇದು ಬರುತ್ತದೆಂದು ಬೇರೆ ಬೇರೆ ಅಧ್ಯಯನಗಳ ಲೆಕ್ಕ. ಹುಟ್ಟಿನಿಂದ ಬರುವ ಮೂಳೆ–ಸ್ನಾಯು ತೊಂದರೆಗಳಲ್ಲಿ ಸೊಂಟದ ಕೀಲು ಜಾರುವುದು ಮತ್ತು ಒಳತಿರುಗಿದ ಪಾದ, ಇವೆರಡರ ನಂತರದ ಸ್ಥಾನ ಇದಕ್ಕೇ.

ಈ ಗಂಟನ್ನು ಮೊದಲು ಕಂಡುಹಿಡಿಯುವುದು ಸ್ಟೆತಸ್ಕೋಪ್ ಅಲ್ಲ, ಎಣ್ಣೆ ಸವರುವ ಕೈ. ಬೆಂಗಳೂರು ದಂಡಿನ ವೈದ್ಯಕೀಯ ಇತಿಹಾಸವನ್ನು ಆಸ್ಪತ್ರೆಗಳ ಕಟ್ಟಡ, ಶಂಕುಸ್ಥಾಪನೆಯ ಕಲ್ಲು, ಗವರ್ನರುಗಳ ಹೆಸರಿನ ಮೂಲಕ ಹೇಳುವುದು ರೂಢಿ. ಮಕ್ಕಳ ಕತ್ತಿನ ವಿಚಾರದಲ್ಲಿ ಆ ಕಲ್ಲುಗಳಿಗೆ ಎರಡನೆಯ ಸ್ಥಾನ ಕೊಡಬೇಕಾಗುತ್ತದೆ. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಎರಡು ಶತಮಾನಗಳಲ್ಲಿ ಈ ಕೆಲಸ ಯಾವ ಕೈಯಿಂದ ಯಾವ ಕೈಗೆ ದಾಟಿತು ಎಂಬುದೇ ಇಲ್ಲಿನ ನಿಜವಾದ ಕತೆ.

1809ರಲ್ಲಿ ಬ್ರಿಟಿಷರ ಪಡೆ ಶ್ರೀರಂಗಪಟ್ಟಣದ ಜ್ವರದ ಗಾಳಿ ಬಿಟ್ಟು ಹಲಸೂರಿನ ಪಕ್ಕಕ್ಕೆ ಬಂದು ನೆಲೆಸಿತು. ಸೈನ್ಯದ ಬೆನ್ನಿಗೆ ತಮಿಳು ಮಾತಾಡುವ ಕೆಲಸಗಾರರು, ದಖನಿ ಉರ್ದುವಿನ ವ್ಯಾಪಾರಿಗಳು, ತೆಲುಗು ಗುತ್ತಿಗೆದಾರರು, ಆಂಗ್ಲೋ ಇಂಡಿಯನ್ ಸಂಸಾರಗಳು ಬಂದವು. 1864ರಲ್ಲಿ ಜೋಲಾರಪೇಟೆಯಿಂದ ದಂಡಿಗೆ ರೈಲು ಬಂತು. 1866ರಲ್ಲಿ ಅಡಿಗಲ್ಲು ಬಿದ್ದ ಬೌರಿಂಗ್ ಆಸ್ಪತ್ರೆ 1868ರಲ್ಲಿ ಬಾಗಿಲು ತೆರೆಯಿತು. ಕಮಿಷನರ್ ಲೆವಿನ್ ಬೌರಿಂಗ್ ಹೆಸರಿನ ಆ ಕಟ್ಟಡಕ್ಕೆ ಪ್ಯಾರಿಸ್ಸಿನ ಲಾರಿಬ್ವಾಸಿಯೇರ್ ಆಸ್ಪತ್ರೆಯ ನಕ್ಷೆ ಮಾದರಿ. ಸೈನಿಕರಿಗೆ ಸೈನ್ಯದ್ದೇ ಆಸ್ಪತ್ರೆಗಳಿದ್ದವು. ಊರವರ ಪಾಲಿಗೆ ಬೌರಿಂಗ್ ಎಂದರೆ ಗಾಯ, ಜ್ವರ, ಕಾಲರಾ. ಹದಿನೈದು ದಿನದ ಮಗುವನ್ನು ಎತ್ತಿಕೊಂಡು 'ಸ್ವಲ್ಪ ಒಂದೇ ಕಡೆ ನೋಡುತ್ತೆ' ಎಂದು ಅಲ್ಲಿಗೆ ಹೋಗುವ ಬಾಣಂತಿ ಯಾರು? ಬಾಣಂತಿ ಹೊಸಿಲು ದಾಟುವಂತೆಯೇ ಇರಲಿಲ್ಲ.

ಹಾಗಾಗಿ ಆ ಮಗುವಿನ ಕತ್ತು ಎರೆಯುವವಳ ಪಾಲಿಗಿತ್ತು. ಬಚ್ಚಲಲ್ಲಿ ಹಂಡೆ ನೀರು ಕುದಿಯುತ್ತಿರುತ್ತದೆ. ಅಜ್ಜಿ ಮಣೆಯ ಮೇಲೆ ಕೂತು, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿಕಟ್ಟಿ, ಎರಡೂ ಕಾಲು ಜೋಡಿಸಿ ನೀಳವಾಗಿ ಚಾಚುತ್ತಾಳೆ. ಮಗು ಆ ಕಾಲುಗಳ ನಡುವಿನ ಹಳ್ಳದಲ್ಲಿ ಅಂಗಾತ. ತಲೆ ಪಾದದ ಕಡೆಗೆ. ಬೆಚ್ಚಗಿನ ಹರಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ನೆತ್ತಿಗೆ ಬಿದ್ದು, ಹಣೆ, ಕೆನ್ನೆ, ಕತ್ತಿನ ಮಡಿಕೆ, ಹೆಗಲು ಎಂದು ಕೈ ಇಳಿಯುತ್ತದೆ. ಬಲಗೈಯನ್ನು ಎಡಗಾಲಿಗೆ, ಎಡಗೈಯನ್ನು ಬಲಗಾಲಿಗೆ ತಾಕಿಸಿ ಮೈ ಮುರಿಯುತ್ತಾಳೆ. ಬಳಿಕ ಮಗುವನ್ನು ಕವುಚಿ ಹಾಕಿ ಬೆನ್ನು ನೀವುತ್ತಾಳೆ. ಕವುಚಿದ ಮಗು ಮೂಗು ಒತ್ತಬಾರದೆಂದು ತಲೆಯನ್ನು ಒಂದು ಸಲ ಈ ಕಡೆ, ಇನ್ನೊಂದು ಸಲ ಆ ಕಡೆ ತಿರುಗಿಸುತ್ತಾಳೆ. ಕಡಲೆಹಿಟ್ಟು, ಬಿಸಿನೀರು, ಒರೆಸುವ ಹಳೇ ಪಂಚೆ, ಸಾಂಬ್ರಾಣಿ ಹೊಗೆ. ದಂಡಿನ ಬಂಗಲೆಗಳಲ್ಲಿ ದೊರೆಸಾನಿಗಳ ಮಕ್ಕಳನ್ನು ನೋಡಿಕೊಂಡವರೂ ಇಂಥ ಕೈಗಳ ಆಯಾಗಳೇ.

ಇಂದಿನ ಫಿಸಿಯೋಥೆರಪಿಸ್ಟ್ ಈ ದೃಶ್ಯವನ್ನು ನೋಡಿದರೆ ಅರ್ಧಕ್ಕೆ ತಲೆದೂಗುತ್ತಾರೆ, ಇನ್ನರ್ಧಕ್ಕೆ ಹೌಹಾರುತ್ತಾರೆ. ತಲೆದೂಗುವುದು ಕವುಚಿ ಹಾಕಿದ್ದಕ್ಕೆ, ಎರಡೂ ಕಡೆ ಸಮನಾಗಿ ತಿರುಗಿಸಿದ್ದಕ್ಕೆ, ದಿನವೂ ತಪ್ಪದೆ ಮಾಡಿದ್ದಕ್ಕೆ. ಸ್ವಲ್ಪವೇ ಬಿಗಿದಿದ್ದ ಕತ್ತುಗಳು ಈ ದಿನಚರಿಯಲ್ಲೇ ಸಡಿಲಗೊಂಡು, ಯಾರ ಗಮನಕ್ಕೂ ಬಾರದೆ ನೆಟ್ಟಗಾಗಿರಬಹುದು. ಹೌಹಾರುವುದು ಮುಂದಿನ ಭಾಗಕ್ಕೆ. ಗಂಟು ಕೈಗೆ ಸಿಕ್ಕಿದರೆ ಅದನ್ನು ಹೆಬ್ಬೆರಳಿನಿಂದ ಒತ್ತಿ ಕರಗಿಸಲು ಹೋಗುವವರಿದ್ದರು. ಮಗು ಸುಮ್ಮನೆ ಅಳುತ್ತಿದ್ದರೆ 'ಉಳುಕಿದೆ' ಎಂದು ಸೀರೆಯಲ್ಲಿ ಹಾಕಿ ಉರುಳಿಸುವ ಪದ್ಧತಿ ಈಗಲೂ ಪೂರ್ತಿ ಹೋಗಿಲ್ಲ. ಕತ್ತನ್ನು ಗಕ್ಕನೆ ತಿರುಗಿಸಿ 'ನರ ಬಿಡಿಸುವ' ಕೈಚಳಕ ಇನ್ನೂ ಅಪಾಯದ್ದು. ದಂಡಿನ ಪ್ರದೇಶದ ಗೋಡೆಗಳ ಮೇಲೆ ಇಂದಿಗೂ ಕಾಣುವ 'ಪುತ್ತೂರು ಕಟ್ಟು' ಬೋರ್ಡುಗಳ ಮೂಲ ಆಂಧ್ರದ ಚಿತ್ತೂರು ಸೀಮೆಯ ಪುತ್ತೂರು. ಮುರಿದ ಕೈಕಾಲಿಗೆ ಮೊಟ್ಟೆ, ಸೊಪ್ಪು, ಬಿದಿರ ದಬ್ಬೆಯ ಕಟ್ಟು ಹಾಕುವುದು ಅವರ ವಿದ್ಯೆ. ದೊಡ್ಡವರ ಮೂಳೆಗೆ ಕಟ್ಟು ಕಟ್ಟುವ ಕೈಗೂ ಒಂದು ತಿಂಗಳ ಕೂಸಿನ ಕತ್ತಿಗೂ ಸಂಬಂಧವಿಲ್ಲ ಎಂದು ಹೇಳುವವರು ಆಗ ಕಡಿಮೆ.

ಹಾಗಂತ ಎಲ್ಲ ಎರೆಯುವವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಬೈಯುವುದು ಸರಿಯಲ್ಲ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಒಂದು ಕಾಸೂ ಪಡೆಯದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅಂಥ ಕೈಗಳ ಅನುಭವವನ್ನು ಬರೆದಿಟ್ಟುಕೊಂಡ ವೈದ್ಯಕೀಯ ಕಾಲೇಜು ಇದ್ದಿದ್ದರೆ ಈ ಲೇಖನದ ಅರ್ಧ ಭಾಗ ಬೇರೆಯೇ ಆಗಿರುತ್ತಿತ್ತು.

ಯೂರೋಪಿನಲ್ಲಿ ಇದೇ ಕತ್ತು ಕತ್ತಿಯ ಕಡೆಗೆ ಹೋಗಿತ್ತು. ಅಲೆಕ್ಸಾಂಡರನ ಕತ್ತು ಎಡಕ್ಕೆ ಸ್ವಲ್ಪ ವಾಲಿತ್ತೆಂದು ಪ್ಲೂಟಾರ್ಕ್ ಬರೆದಿಟ್ಟಿದ್ದಾನೆ. ಅದನ್ನು ಸರಿಯಾಗಿ ಕೆತ್ತಬಲ್ಲವನು ಲಿಸಿಪಸ್ ಒಬ್ಬನೇ ಎಂಬುದೂ ಅಲ್ಲೇ ಇದೆ. ಅದು ಕಣ್ಣಿನ ದೋಷವೋ ಕತ್ತಿನದೋ ಎಂದು ವೈದ್ಯರು ಇಂದಿಗೂ ಜಗಳವಾಡುತ್ತಾರೆ. ಆಮ್‌ಸ್ಟರ್‌ಡ್ಯಾಮಿನ ನಿಕೊಲಾಸ್ ಟುಲ್ಪ್ (ರೆಂಬ್ರಾಂಟನ ಪ್ರಸಿದ್ಧ ಚಿತ್ರದಲ್ಲಿ ಶವದ ತೋಳು ಬಿಡಿಸಿ ತೋರಿಸುತ್ತಿರುವ ಡಾಕ್ಟರ್ ಈತನೇ) 1641ರ ತನ್ನ ಪುಸ್ತಕದಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬನ ಸೊಟ್ಟ ಕತ್ತಿನ ಸ್ನಾಯುವನ್ನು ಕುಯ್ದು ಬಿಡಿಸಿದ ಪ್ರಸಂಗವನ್ನು ವಿವರಿಸಿದ. 19ನೇ ಶತಮಾನದ ಆರಂಭದಲ್ಲಿ ಪ್ಯಾರಿಸ್ಸಿನ ದ್ಯುಪ್ಯುಯಿತ್ರಾಂ ಚರ್ಮದಡಿಯಲ್ಲೇ ಸಣ್ಣ ಚಾಕು ತೂರಿಸಿ ಸ್ನಾಯು ಕತ್ತರಿಸುವ ವಿಧಾನ ತಂದ. ಅರಿವಳಿಕೆ ಇಲ್ಲದ ಕಾಲ ಅದು. ಇವರೆಲ್ಲರ ಮುಂದೆ ಬಂದು ಕೂತವರು ಬೆಳೆದ ಮಕ್ಕಳು. ಮುಖದ ಒಂದು ಪಕ್ಕ ಆಗಲೇ ಚಪ್ಪಟೆಯಾಗಿ, ಕಣ್ಣುಗಳ ಮಟ್ಟ ಏರುಪೇರಾದವರು.

1838ರಲ್ಲಿ ಜರ್ಮನಿಯ ಸ್ಟ್ರೊಮೆಯರ್ ಒಂದು ವಾದ ಹೂಡಿದ. ಹೆರಿಗೆಯಲ್ಲಿ ಎಳೆದಾಡಿದಾಗ ಸ್ನಾಯು ಹರಿದು, ರಕ್ತ ಹೆಪ್ಪುಗಟ್ಟಿ, ಅದೇ ಗಂಟಾಗುತ್ತದೆ ಎಂದ. ವಾದ ನೂರಕ್ಕೂ ಹೆಚ್ಚು ವರ್ಷ ಪಠ್ಯಪುಸ್ತಕಗಳಲ್ಲಿ ಬಾಳಿತು. ಅದರ ಅಡ್ಡ ಪರಿಣಾಮ ಭಾರತದಂಥ ಕಡೆ ಜೋರು, ಏಕೆಂದರೆ ಇಲ್ಲಿ ಹೆರಿಗೆಯಲ್ಲಿ ಏನೇ ಕೆಟ್ಟರೂ ಬೊಟ್ಟು ಮಾಡಲು ಸೂಲಗಿತ್ತಿ ಸಿದ್ಧವಾಗಿ ಸಿಗುತ್ತಿದ್ದಳು. 1885ರ ಡಫರಿನ್ ನಿಧಿ, 1903ರಲ್ಲಿ ಲೇಡಿ ಕರ್ಜನ್ ಮುಂದೆ ನಿಂತು ಕಟ್ಟಿದ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿ, ಎರಡೂ ದಾಯಿಯರಿಗೆ ತರಬೇತಿ ಕೊಡುವುದನ್ನು ದೊಡ್ಡ ಕೆಲಸವೆಂದು ಹಿಡಿದವು. ಕೈ ತೊಳೆಯುವುದು, ಹೊಕ್ಕುಳಬಳ್ಳಿಯನ್ನು ಶುದ್ಧವಾದ ಚಾಕುವಿನಲ್ಲಿ ಕತ್ತರಿಸುವುದು ಕಲಿಸಿದ್ದು ಅಸಂಖ್ಯ ಜೀವ ಉಳಿಸಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಕೆಗೆ ಗೊತ್ತಿದ್ದುದನ್ನು ಕೇಳುವ ಪಾಠ ಮಾತ್ರ ಆ ತರಗತಿಗಳಲ್ಲಿ ಇರಲಿಲ್ಲ. ಸ್ಟ್ರೊಮೆಯರನ ವಾದವೂ ಕೊನೆಗೆ ಪೂರ್ತಿ ನಿಲ್ಲಲಿಲ್ಲ. ಸಿಸೇರಿಯನ್ ಆಗಿ ಹುಟ್ಟಿದ ಮಕ್ಕಳಲ್ಲೂ ಈ ತೊಂದರೆ ಕಂಡಿತು. 1993ರಲ್ಲಿ ಕ್ಯಾಲಿಫೋರ್ನಿಯಾದ ಮೂಳೆ ವೈದ್ಯರು ಎಂಆರ್‌ಐ ಚಿತ್ರಗಳನ್ನಿಟ್ಟುಕೊಂಡು, ಹೊಟ್ಟೆಯೊಳಗೇ ಅಥವಾ ಹೆರಿಗೆಯ ಹೊತ್ತಿಗೆ ಕತ್ತು ಮಡಿಚಿಕೊಂಡು ಆ ಸ್ನಾಯುವಿಗೆ ರಕ್ತದ ಹರಿವು ಇಕ್ಕಟ್ಟಾಗುವುದೇ ಕಾರಣವಿರಬೇಕೆಂದು ತೋರಿಸಿದರು. ಚೊಚ್ಚಲ ಬಸಿರು, ಕಾಲು ಮುಂದಾಗಿ ಬರುವ ಮಗು, ಒಳಗೆ ಜಾಗ ಸಾಲದಿರುವುದು ಇವುಗಳ ಜೊತೆ ನಂಟು ಇದೆ. ಸೂಲಗಿತ್ತಿಯಾಗಲಿ, 'ಒಂದೇ ಮಗ್ಗುಲಲ್ಲಿ ಹಾಲು ಕುಡಿಸ್ತಾಳೆ' ಎಂದು ಅತ್ತೆಯಿಂದ ಅನ್ನಿಸಿಕೊಂಡ ಸೊಸೆಯಾಗಲಿ ತಪ್ಪಿತಸ್ಥರಲ್ಲ.

ದಂಡಿನಲ್ಲಿ ಹೆಂಗಸರು–ಮಕ್ಕಳಿಗೆಂದೇ ಎರಡು ಬಾಗಿಲು ತೆರೆದವು. ಬೌರಿಂಗ್‌ಗೆ ಸೇರಿಕೊಂಡ ಲೇಡಿ ಕರ್ಜನ್ ಆಸ್ಪತ್ರೆ ಒಂದು. ಇನ್ನೊಂದು, ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರ ದಾನದಿಂದ ಎದ್ದ ಗೋಷಾ ಆಸ್ಪತ್ರೆ. ಪರದೆಯ ಹೆಂಗಸರು ಗಂಡಸರ ಕಣ್ಣಿಗೆ ಬೀಳದೆ ಹೆರಿಗೆಗೆ ಬರಲಿ ಎಂಬುದು ಅದರ ಉದ್ದೇಶ. ಶಿವಾಜಿನಗರದ ಸಂದಣಿಯಲ್ಲಿ ಇಂದಿಗೂ ಅದು ಹೆರಿಗೆ ಆಸ್ಪತ್ರೆಯೇ. ಈಗ ಎಲ್ಲ ಜಾತಿ–ಧರ್ಮದ ಬಸುರಿಯರೂ ಅಲ್ಲಿ ಸಾಲುಗಟ್ಟುತ್ತಾರೆ. ಹೆರಿಗೆ ಮನೆಯಿಂದ ಆಸ್ಪತ್ರೆಗೆ ಬಂತು, ಸರಿ. ಆದರೆ ಬಾಣಂತನ ಮನೆಯಲ್ಲೇ ಉಳಿಯಿತು. ಗಂಟು ಕಾಣುವುದು ಡಿಸ್ಚಾರ್ಜ್ ಆದ ಮೇಲೆ. ಈ ಸಣ್ಣ ಸಂದಿನಲ್ಲಿ ಎಷ್ಟೋ ಕತ್ತುಗಳು ತಪ್ಪಿಸಿಕೊಂಡವು.

ಕೈಯಿಂದಲೇ ಚಿಕಿತ್ಸೆ ಕೊಡುವ ವಿದ್ಯೆ ವೃತ್ತಿಯಾದದ್ದು ಬೇರೆಡೆ. ಸ್ಟಾಕ್‌ಹೋಮಿನಲ್ಲಿ 1813ರಲ್ಲಿ ಪೆರ್ ಹೆನ್ರಿಕ್ ಲಿಂಗ್ ವ್ಯಾಯಾಮ ಶಾಲೆ ತೆರೆದ. ಲಂಡನ್ನಿನಲ್ಲಿ 1894ರಲ್ಲಿ ನಾಲ್ವರು ನರ್ಸುಗಳು ಸೇರಿ ಮಸಾಜ್ ಕಲಿತ ಹೆಂಗಸರ ಸಂಘ ಕಟ್ಟಿದರು. 'ಮಸಾಜ್' ಎಂಬ ಹೆಸರಿನಲ್ಲಿ ಅಲ್ಲಿ ನಡೆಯುತ್ತಿದ್ದ ಬೇರೆ ದಂಧೆಗಳಿಂದ ತಮ್ಮ ಕೆಲಸದ ಮಾನ ಉಳಿಸಿಕೊಳ್ಳುವುದು ಅವರ ಮೊದಲ ಚಿಂತೆ. ಎರಡು ಮಹಾಯುದ್ಧಗಳ ಗಾಯಾಳುಗಳು ಆ ಸಂಘಕ್ಕೆ ಕೆಲಸ ಕೊಟ್ಟರು, 1944ರಲ್ಲಿ ಅದಕ್ಕೆ ಫಿಸಿಯೋಥೆರಪಿ ಎಂಬ ಹೆಸರು ಬಂತು. ಭಾರತಕ್ಕೆ ಈ ವಿದ್ಯೆ ಶಾಲೆಯ ರೂಪದಲ್ಲಿ ಬಂದದ್ದು ಪೋಲಿಯೊದ ಬೆನ್ನೇರಿ. ಮುಂಬಯಿಯಲ್ಲಿ ಪೋಲಿಯೊ ಹಬ್ಬಿದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1950ರ ದಶಕದ ಆರಂಭದಲ್ಲಿ ಕೆಇಎಂ ಆಸ್ಪತ್ರೆಯಲ್ಲಿ ದೇಶದ ಮೊದಲ ಶಾಲೆ ಶುರುವಾಯಿತು. 1955ರಲ್ಲಿ ಫಿಸಿಯೋಥೆರಪಿಸ್ಟರ ಸಂಘ ಹುಟ್ಟಿತು.

ದಂಡಿನವರಿಗೆ ಮುಂಬಯಿಗಿಂತ ವೇಲೂರಿನ ಆಸ್ಪತ್ರೆ ಹತ್ತಿರ. ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಮದ್ರಾಸ್ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿದರೆ ಆಯಿತು. ಹಲಸೂರು, ಶಿವಾಜಿನಗರಗಳ ತಮಿಳು–ತೆಲುಗು ಮನೆಗಳಲ್ಲಿ 'ಇಲ್ಲಿ ಆಗಲ್ಲ ಅಂದ್ರೆ ವೇಲೂರು' ಎಂಬ ಮಾತು ಇಂದಿಗೂ ಇದೆ. ಅಲ್ಲಿ ಕಾರು ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡರೂ ಗಾಲಿಕುರ್ಚಿಯಲ್ಲೇ ಕೂತು ಶಸ್ತ್ರಚಿಕಿತ್ಸೆ ಮಾಡಿದ ಮೇರಿ ವರ್ಗೀಸ್ 1966ರಲ್ಲಿ ಪುನಶ್ಚೇತನ ಕೇಂದ್ರ ತೆರೆದರು.

ಬೆಂಗಳೂರಿನ ಪೂರ್ವ ಭಾಗಕ್ಕೂ ಒಬ್ಬ ಗಾಲಿಕುರ್ಚಿಯ ಹೆಂಗಸಿನ ಋಣವಿದೆ. ಪೋಲಿಯೊ ಪೀಡಿತರಾಗಿದ್ದ ಎನ್.ಎಸ್. ಹೇಮಾ 1959ರಲ್ಲಿ ಅಂಗವಿಕಲರದೇ ಒಂದು ಸಂಘ ಕಟ್ಟಿದರು. ಎಪಿಡಿ ಎಂದೇ ಹೆಸರಾದ ಆ ಸಂಸ್ಥೆ ಲಿಂಗರಾಜಪುರದಲ್ಲಿ ಬೇರು ಬಿಟ್ಟಿತು; ಶಾಲೆ, ಕಸುಬಿನ ತರಬೇತಿ, ಕ್ಯಾಲಿಪರ್ ತಯಾರಿಕೆ, ಥೆರಪಿ ಎಲ್ಲ ಒಂದೇ ಆವರಣದಲ್ಲಿ. ಜೀವನ್ ಬಿಮಾ ನಗರದಲ್ಲಿ ತೋಟಗಾರಿಕೆ ಕಲಿಸುವ ಕೇಂದ್ರವೂ ಅದರದೇ. ಪೋಲಿಯೊ ಬಂದ ಮಗುವಿನ ಕಾಲಿನ ಸ್ನಾಯು ಮೊಟಕಾಗದಂತೆ ದಿನವೂ ಹಿಗ್ಗಿಸಬೇಕು, ಆಸ್ಪತ್ರೆಯವರು ಬಾರದ ದಿನ ತಾಯಿಯೇ ಮಾಡಬೇಕು. ತಾಯಂದಿರಿಗೆ ಕೈ ಹಿಡಿದು ಕಲಿಸುವ ಈ ಅಭ್ಯಾಸ ಪೋಲಿಯೊ ಕಾಲದ ಕೊಡುಗೆ. ಭಾರತದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ದಾಖಲಾಯಿತು, 2014ರಲ್ಲಿ ದೇಶ ಪೋಲಿಯೊ ಮುಕ್ತವೆಂದು ಘೋಷಣೆಯಾಯಿತು. ಕಾಯಿಲೆ ಹೋಯಿತು, ಅದು ಕಲಿಸಿದ ಕೈಕೆಲಸ ಕತ್ತು ಸೊಟ್ಟದ ಹಸುಳೆಗಳಿಗೆ ಉಳಿಯಿತು.

ಅಷ್ಟು ಹೊತ್ತಿಗೆ ಊರೇ ಪೂರ್ವಕ್ಕೆ ಚಾಚಿತ್ತು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಕೆ.ಆರ್. ಪುರದ ಪಕ್ಕದ ದೂರವಾಣಿನಗರದಲ್ಲಿ ಐಟಿಐ, ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್. 1949ರಲ್ಲಿ ದಂಡು ಪೇಟೆ ಬೆಂಗಳೂರಿನೊಂದಿಗೆ ಒಂದೇ ಕಾರ್ಪೊರೇಷನ್ನಿನ ಅಡಿಗೆ ಬಂತು. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಗಂಡ, ಹೆಂಡತಿ, ಕೂಸು, ಕಾರ್ಖಾನೆಯದೇ ಆಸ್ಪತ್ರೆ. ಅಜ್ಜಿ ಊರಲ್ಲಿ. ತವರಿಗೆ ಹೋಗಿ ಮೂರು–ಐದು ತಿಂಗಳು ಬಾಣಂತನ ಮುಗಿಸಿ ಬಂದ ಮಗುವನ್ನು ಕಂಪನಿ ಡಾಕ್ಟರು ಮೊದಲ ಸಲ ನೋಡುವಾಗ ಕತ್ತಿನ ಗಂಟು ಕರಗಿ ಹೋಗಿರುತ್ತಿತ್ತು, ಬಿಗಿತ ಮಾತ್ರ ಉಳಿದಿರುತ್ತಿತ್ತು. ಬಳಿಕ ಇಂದಿರಾನಗರ ಬೆಳೆಯಿತು. ಚಿನ್ಮಯ ಮಿಷನ್ ಆಸ್ಪತ್ರೆ ಎಷ್ಟು ಹೆಸರಾಯಿತೆಂದರೆ ಅದರ ಮುಂದಿನ ರಸ್ತೆಯೇ ಸಿಎಂಎಚ್ ರೋಡ್ ಆಯಿತು. ಇವತ್ತು ಅಲ್ಲಿ ಚಿನ್ನದಂಗಡಿ ಹುಡುಕಿಕೊಂಡು ಬರುವ ಎಷ್ಟೋ ಜನಕ್ಕೆ ಆ ಮೂರು ಅಕ್ಷರದ ಹಿಂದೆ ಆಸ್ಪತ್ರೆ ಇದೆಯೆಂಬುದೇ ನೆನಪಿಲ್ಲ.

ಅದೇ ಇಂದಿರಾನಗರದಲ್ಲಿ ನೆಲೆನಿಂತ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಆರಂಭವಾದದ್ದು 1982ರಲ್ಲಿ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗಾಗಿ ಹುಟ್ಟಿದ ಸಂಸ್ಥೆ ಅದು, ಟಾರ್ಟಿಕೊಲಿಸ್‌ಗಾಗಿ ಅಲ್ಲ. ಆದರೂ ಈ ಕತೆಯಲ್ಲಿ ಅದಕ್ಕೆ ಜಾಗ ಇದೆ. ಅಲ್ಲಿಯವರೆಗೆ ಮಕ್ಕಳ ಥೆರಪಿ ಎಂದರೆ ಕೆಟ್ಟ ಕೈಕಾಲಿಗೆ ಮಾಡುವ ರಿಪೇರಿ. ಬರ್ಟಾ ಮತ್ತು ಕಾರೆಲ್ ಬೊಬಾತ್ ದಂಪತಿ ಲಂಡನ್ನಿನಲ್ಲಿ ರೂಪಿಸಿದ ವಿಧಾನ ಹರಡಿದ ಮೇಲೆ ಪ್ರಶ್ನೆ ಬದಲಾಯಿತು. ಮಗು ತಲೆಯನ್ನು ಮಧ್ಯಕ್ಕೆ ತರುತ್ತದೆಯೇ? ಎರಡೂ ಕೈಯನ್ನು ಬಾಯಿಗೆ ಒಯ್ಯುತ್ತದೆಯೇ? ಎರಡೂ ಮಗ್ಗುಲಿಗೆ ಹೊರಳುತ್ತದೆಯೇ? ಅಪಾಯದಲ್ಲಿರುವ ಶಿಶುಗಳನ್ನು ತಿಂಗಳುಗಳಲ್ಲೇ ಗುರುತಿಸುವ ಕೆಲಸಕ್ಕೆ ಇಳಿದ ಥೆರಪಿಸ್ಟರು ಸಹಜವಾಗಿಯೇ ಒಂದೇ ಕಡೆ ನೋಡುವ ಮಕ್ಕಳನ್ನು ಬೇರ್ಪಡಿಸಿ ನೋಡಲು ಕಲಿತರು. ಕತ್ತು ಸೊಟ್ಟದ ಮಗು ಬರೀ ಕತ್ತಿನ ರೋಗಿಯಲ್ಲ. ಒಂದೇ ಕೈ ನೋಡುತ್ತದೆ, ಆ ಕೈಯನ್ನೇ ಬಳಸುತ್ತದೆ, ಒಂದೇ ಕಡೆ ಹೊರಳುತ್ತದೆ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದು, ಖಾಸಗಿ ಫಿಸಿಯೋಥೆರಪಿ ಕಾಲೇಜುಗಳು ಅದರ ಕೆಳಗೆ ಸೇರಿದ ಮೇಲೆ ಈ ತಿಳಿವಳಿಕೆ ಪ್ರತಿ ವರ್ಷ ನೂರಾರು ವಿದ್ಯಾರ್ಥಿಗಳ ಪಾಠವಾಯಿತು.

ಚಿಕಿತ್ಸೆ ನೋಡಲು ಏನೂ ಇಲ್ಲದಷ್ಟು ಸರಳ. ಬಲಗಡೆ ಬಿಗಿದ ಮಗು ಎಂದುಕೊಳ್ಳಿ. ಮಗುವನ್ನು ಅಂಗಾತ ಮಲಗಿಸಿ, ತಾಯಿ ಒಂದು ಅಂಗೈಯನ್ನು ಅದರ ಬಲ ಹೆಗಲ ಮೇಲೆ ಹಗುರವಾಗಿ ಇಟ್ಟು ಹೆಗಲು ಏಳದಂತೆ ನೋಡಿಕೊಳ್ಳುತ್ತಾಳೆ. ಇನ್ನೊಂದು ಅಂಗೈ ತಲೆಯ ಕೆಳಗೆ. ಎಡಗಿವಿ ಎಡ ಹೆಗಲ ಹತ್ತಿರ ಬರುವಂತೆ ತಲೆಯನ್ನು ನಿಧಾನಕ್ಕೆ ವಾಲಿಸುತ್ತಾಳೆ. ತಡೆ ಸಿಕ್ಕಿದ ಕಡೆ ನಿಲ್ಲುತ್ತಾಳೆ, ಸ್ವಲ್ಪ ಹೊತ್ತು ಹಾಗೇ ಹಿಡಿಯುತ್ತಾಳೆ. ಆಮೇಲೆ ಗದ್ದವನ್ನು ಬಲ ಹೆಗಲ ಕಡೆಗೆ ತಿರುಗಿಸುತ್ತಾಳೆ. ಮಗು ಅತ್ತು ಮೈ ಬಿಗಿದರೆ ಬಿಡಬೇಕು. ಅತ್ತರೂ ಎಳೆಯುವುದು ಚಿಕಿತ್ಸೆಯಲ್ಲ, ಹಟ. 'ಅಮ್ಮಾ, ಎಳೀಬೇಡಿ, ಅದೇ ಬರೋವರೆಗೂ ಕಾಯಿರಿ' ಎಂಬುದು ಥೆರಪಿಸ್ಟ್ ದಿನಕ್ಕೆ ಹತ್ತು ಸಲ ಕನ್ನಡ, ತಮಿಳು, ದಖನಿಗಳಲ್ಲಿ ಹೇಳುವ ಮಾತು. ಡಯಾಪರ್ ಬದಲಿಸಿದಾಗೆಲ್ಲ ಒಂದಿಷ್ಟು ಮಾಡಿದರೆ ಬೇರೆ ಸಮಯ ಹುಡುಕುವ ಗೋಜಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಮಗು ತಾನಾಗಿ ತಿರುಗುವಂತೆ ಮಾಡುವುದು. ಕಿಟಕಿಯ ಬೆಳಕು, ಅಪ್ಪನ ದನಿ, ಗಿಲಕಿ ಎಲ್ಲ ಮಗು ನೋಡದ ಕಡೆಯಿಂದಲೇ ಬರಲಿ. ಹಾಲೂಡಿಸುವಾಗಲೂ ಆ ಕಡೆಗೆ ತಿರುಗುವಂತೆ ಹಿಡಿಯಬೇಕು. ಎಚ್ಚರವಿರುವಾಗ, ಕಣ್ಣೆದುರಲ್ಲೇ, ಕವುಚಿ ಹಾಕಬೇಕು. ಅಮೆರಿಕದ ಫಿಸಿಯೋಥೆರಪಿಸ್ಟರ ಸಂಘ 2013ರಲ್ಲಿ ಹೊರಡಿಸಿ ಬಳಿಕ ಪರಿಷ್ಕರಿಸುತ್ತ ಬಂದ ಮಾರ್ಗಸೂಚಿಯಲ್ಲಿ ಇರುವುದೂ ಇಷ್ಟೇ: ಹಿಗ್ಗಿಸುವುದು, ಮಗುವಿನ ಸ್ವಂತ ಚಲನೆ, ಎರಡೂ ಪಕ್ಕದ ಸಮಬೆಳವಣಿಗೆ, ಸುತ್ತಲಿನ ವ್ಯವಸ್ಥೆ, ತಾಯಿತಂದೆಗೆ ಪಾಠ. ಅದೇ ಮಾರ್ಗಸೂಚಿ ಕಾಲದ ಲೆಕ್ಕ ಕೊಡುತ್ತದೆ. ಒಂದು ತಿಂಗಳೊಳಗೆ ಶುರು ಮಾಡಿದರೆ ಶೇ. 98ರಷ್ಟು ಶಿಶುಗಳ ಕತ್ತು ಒಂದೂವರೆ ತಿಂಗಳಲ್ಲಿ ಹೆಚ್ಚುಕಡಿಮೆ ಪೂರ್ತಿ ತಿರುಗುತ್ತದೆ. ತಿಂಗಳು ದಾಟಿದರೆ ಆರು ತಿಂಗಳು ಬೇಕು. ಆರು ತಿಂಗಳ ನಂತರ ಬಂದರೆ ಒಂಬತ್ತು–ಹತ್ತು ತಿಂಗಳು, ಆಗಲೂ ಎಲ್ಲರಿಗೂ ಪೂರ್ತಿ ಸರಿಹೋಗದು. ಹಾಂಗ್‌ಕಾಂಗ್‌ನ ವೈದ್ಯರು 821 ಹಸುಳೆಗಳಿಗೆ ಕೈಯಿಂದಲೇ ಹಿಗ್ಗಿಸಿ, 2001ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು. ಆಪರೇಷನ್ ಬೇಕಾದದ್ದು ಸಣ್ಣ ಭಾಗಕ್ಕೆ. ಟುಲ್ಪನ ಹನ್ನೆರಡು ವರ್ಷದ ಹುಡುಗನಿಗೆ ಬೇಕಿದ್ದುದು ಚಾಕುವಲ್ಲ, ಹನ್ನೆರಡು ವರ್ಷದ ಹಿಂದಿನ ಕೆಲವು ವಾರಗಳು.

ಕೈ ಹಾಕುವ ಮೊದಲು ಡಾಕ್ಟರು ನೋಡಲೇಬೇಕು ಎಂಬುದಕ್ಕೆ ಕಾರಣವಿದೆ. ವಾಲಿದ ಕತ್ತೆಲ್ಲ ಸ್ನಾಯುವಿನದಲ್ಲ. ಕತ್ತಿನ ಮೂಳೆಗಳೇ ಒಂದಕ್ಕೊಂದು ಅಂಟಿ ಹುಟ್ಟುವ ಮಕ್ಕಳಿದ್ದಾರೆ. ಅವರ ಕತ್ತು ಹಿಗ್ಗಿಸುವುದು ಅಪಾಯ. ಮೆಳ್ಳಗಣ್ಣು ಇರುವ ಮಗು ನೋಟ ಸರಿಪಡಿಸಿಕೊಳ್ಳಲು ತಲೆ ವಾಲಿಸುತ್ತದೆ. ಅಲ್ಲಿ ಬೇಕಾದದ್ದು ಕಣ್ಣಿನ ಡಾಕ್ಟರು. ಮೊದಲು ಚೆನ್ನಾಗಿದ್ದು ಇದ್ದಕ್ಕಿದ್ದಂತೆ ಜ್ವರದ ಜೊತೆ ಕತ್ತು ವಾಲಿದರೆ ಆ ದಿನವೇ ಆಸ್ಪತ್ರೆಗೆ ಓಡಬೇಕು. ಇನ್ನೊಂದು, ಕತ್ತು ಸೊಟ್ಟ ಇರುವ ಕೆಲವು ಮಕ್ಕಳಲ್ಲಿ ಸೊಂಟದ ಕೀಲೂ ಸಡಿಲ ಇರುತ್ತದೆ. ಎರಡೂ ತೊಡೆ ಅಗಲಿಸಿ ನೋಡದೆ ಬರೀ ಕತ್ತಿಗೆ ವ್ಯಾಯಾಮ ಬರೆದುಕೊಟ್ಟರೆ ಕೆಲಸ ಅರ್ಧ.

ಈಚಿನ ಮೂವತ್ತು ವರ್ಷಗಳಲ್ಲಿ ಇಂದಿರಾನಗರದ ಕಡೆ ಹೊಸ ಬಗೆಯ ಕೇಸುಗಳು ಬಂದವು. ನಿದ್ದೆಯಲ್ಲಿ ಕಾರಣವಿಲ್ಲದೆ ಶಿಶುಗಳು ಸಾಯುವುದನ್ನು ತಡೆಯಲು ಅಮೆರಿಕದ ಮಕ್ಕಳ ವೈದ್ಯರು 1992ರಲ್ಲಿ ಮಗುವನ್ನು ಕವುಚಿ ಮಲಗಿಸಬೇಡಿ, ಅಂಗಾತವೋ ಮಗ್ಗುಲಾಗಿಯೋ ಮಲಗಿಸಿ ಎಂದರು; ಬಳಿಕ ಅಂಗಾತವೇ ಸರಿ ಎಂದರು. ಸರಿಯಾದ ಸಲಹೆ, ಸಾವುಗಳು ಇಳಿದವು. ಜೊತೆಗೆ ಚಪ್ಪಟೆ ತಲೆಗಳು ಹೆಚ್ಚಿದವು. ಕಾರ್ ಸೀಟು, ಬೌನ್ಸರ್, ಸ್ಟ್ರಾಲರ್‌ಗಳಲ್ಲಿ ದಿನವೆಲ್ಲ ಅಂಗಾತ ಇರುವ ಮಗು ಕವುಚುವುದೇ ಇಲ್ಲ. ಕತ್ತಿನಲ್ಲಿ ಸ್ವಲ್ಪ ಬಿಗಿತ ಇದ್ದರೆ ತಲೆ ಒಂದೇ ಕಡೆ ಊರಿ ಆ ಭಾಗ ಚಪ್ಪಟೆಯಾಗುತ್ತದೆ. ಅಜ್ಜಿಯರ ಸಾಸಿವೆ ದಿಂಬಿನ ಬದಲು ಈಗ ಅಳತೆ ಕೊಟ್ಟು ಮಾಡಿಸುವ ಹೆಲ್ಮೆಟ್. (ಸಾಸಿವೆ ದಿಂಬನ್ನೂ ಇಂದಿನ ವೈದ್ಯರು ಒಪ್ಪುವುದಿಲ್ಲ, ಮಲಗಿದ ಮಗುವಿನ ಸುತ್ತ ಯಾವ ದಿಂಬೂ ಬೇಡ ಎನ್ನುತ್ತಾರೆ.) ಇನ್ನೂ ತಮಾಷೆಯೆಂದರೆ ಎಣ್ಣೆ ನೀವುವ ವಿದ್ಯೆ ವಿಮಾನ ಹತ್ತಿ ಹೋಗಿ ವಾಪಸು ಬಂದದ್ದು. ಫ್ರೆಂಚ್ ಪ್ರಸೂತಿ ತಜ್ಞ ಫ್ರೆಡರಿಕ್ ಲೆಬ್ವಾಯೆ ಕಲ್ಕತ್ತೆಯ ಬೀದಿಯಲ್ಲಿ ಶಾಂತಲಾ ಎಂಬ ತಾಯಿ ಕಾಲು ಚಾಚಿ ಮಗುವಿಗೆ ಎಣ್ಣೆ ತಿಕ್ಕುವುದನ್ನು ಕಂಡು, ಚಿತ್ರ ತೆಗೆದು, 1976ರಲ್ಲಿ ಅವಳ ಹೆಸರಿನಲ್ಲೇ ಪುಸ್ತಕ ಮಾಡಿದ. ಅದು ಯೂರೋಪಿನಲ್ಲಿ ಪದ್ಧತಿಯಾಗಿ, ತರಗತಿಯಾಗಿ, ಕೊನೆಗೆ ಸರ್ಟಿಫಿಕೇಟ್ ಹಿಡಿದು ನಮ್ಮಲ್ಲಿಗೇ ಫೀಸಿನ ಸಮೇತ ಬಂತು. ಹಲಸೂರಿನ ಎರೆಯುವ ಅಜ್ಜಿಗೆ ಸಿಗುತ್ತಿದ್ದುದು ದಿನದ ಕೂಲಿ, ಎಲೆಅಡಿಕೆ, ನಾಮಕರಣಕ್ಕೊಂದು ಸೀರೆ.

ಕೆ.ಆರ್. ಪುರದ ಸುತ್ತಲಿನ ಶೆಡ್ಡುಗಳಲ್ಲಿ, ಪಿಜಿಗಳ ಹಿಂದಿನ ಒಂಟಿ ಕೋಣೆಗಳಲ್ಲಿ ಇರುವ ಮನೆಗಳಿಗೆ ಹೆಲ್ಮೆಟ್ಟೂ ಇಲ್ಲ, ಅಜ್ಜಿಯೂ ಇಲ್ಲ. ರಾಯಚೂರಿನಿಂದಲೋ ಬಿಹಾರದಿಂದಲೋ ಬಂದ ಕಟ್ಟಡ ಕಾರ್ಮಿಕ ಹೆಂಗಸು ಮಗುವನ್ನು ಸೀರೆಯ ಜೋಲಿಯಲ್ಲಿ ಮಲಗಿಸಿ ಕೆಲಸಕ್ಕೆ ನಿಲ್ಲುತ್ತಾಳೆ. ಇಂಥವರಿಗಾಗಿಯೇ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾಯಿತು. ಅದರ ಪಟ್ಟಿಯಲ್ಲಿ ಹುಟ್ಟುದೋಷಗಳು ಒಂಬತ್ತು: ಸೀಳುತುಟಿ ಇದೆ, ಒಳತಿರುಗಿದ ಪಾದ ಇದೆ, ಸೊಂಟದ ಕೀಲು ಇದೆ. ಕತ್ತು ಇಲ್ಲ. ಪಾದಕ್ಕೆ ಪ್ಲಾಸ್ಟರು, ಬೂಟು ಬೇಕು. ಕತ್ತಿಗೆ ಬೇಕಾದದ್ದು ಒಂದು ಸಲ ಕಲಿಸುವ ಅರ್ಧ ಗಂಟೆ. ಖರ್ಚಿಲ್ಲದ ಚಿಕಿತ್ಸೆಗೆ ಪಟ್ಟಿಯಲ್ಲಿ ಜಾಗ ಸಿಗುವುದು ಕಷ್ಟವೇನೋ.

ಪಟ್ಟಿ ಬದಲಾಗುವವರೆಗೆ ಕಾಯಬೇಕಿಲ್ಲ. ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹುಟ್ಟಿದ ಪ್ರತಿ ಮಗುವಿನ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗಬೇಕೆಂಬ ನಿಯಮ 2011ರಿಂದಲೇ ಇದೆ. ತೂಕ ನೋಡುತ್ತಾರೆ, ಮೈ ಬಿಸಿ ನೋಡುತ್ತಾರೆ, ಹೊಕ್ಕುಳು ನೋಡುತ್ತಾರೆ. ಗಂಟು ಕೈಗೆ ಸಿಗುವುದು 14 ಮತ್ತು 28ನೇ ದಿನಗಳ ನಡುವೆಯೇ. ಆ ಮೂರು ಭೇಟಿಗಳಲ್ಲಿ ಮಗುವಿನ ಗದ್ದ ಎರಡೂ ಹೆಗಲ ಕಡೆಗೆ ಸಮನಾಗಿ ತಿರುಗುತ್ತದೆಯೇ ಎಂದು ನೋಡಿ, ತಿರುಗದಿದ್ದರೆ ತಾಯಿ ಕಾರ್ಡಿನಲ್ಲಿ ಒಂದು ಸಾಲು ಬರೆದು, ಮಕ್ಕಳ ಡಾಕ್ಟರ ಬಳಿಗೆ ಕಳಿಸುವ ಏರ್ಪಾಟನ್ನು ಆರೋಗ್ಯ ಇಲಾಖೆ ಮಾಡಬೇಕು. ಇಲಾಖೆ ಮಾಡುವವರೆಗೆ, ಮನೆಯಲ್ಲಿ ಹಸುಗೂಸು ಇರುವವರು ಇವತ್ತು ಸಂಜೆ ಅದು ಯಾವ ಕಡೆ ನೋಡುತ್ತದೆಂದು ಗಮನಿಸಿ. ನಾಲ್ಕು ದಿನ ನೋಡಿದರೂ ಅದೇ ಕಡೆಯಾದರೆ ಐದನೆಯ ದಿನ ಡಾಕ್ಟರಿಗೆ ತೋರಿಸಿ.